ಓರಗಿತ್ತಿಯ ಮುಂದೆ ಆಡಿದ ಮಾತು

ನಮ್ಮ ನಡುಮನೆಯ ಕೆಂಪು ಗಾರೆ ನೆಲದಲ್ಲಿ, ಟೀವಿ ಎದುರಿನ ಜಾಗದಲ್ಲಿ, ಎಷ್ಟು ಉಜ್ಜಿದರೂ ಹೋಗದ ನೀಲಿ, ಹಸಿರು ಚುಕ್ಕೆಗಳಿವೆ. ಚಾರ್ಟಿನ ಅಂಚು ದಾಟಿ ನೆಲಕ್ಕಿಳಿದ ಮಾರ್ಕರಿನ ಗೀಟುಗಳೂ ಇವೆ. ಬಂದವರು ಯಾರಾದರೂ ಇದೇನು ಅಂತ ಕೇಳಿದರೆ, "ಬಿ.ಎಡ್. ಹುಡುಗೀರ ಕೆಲಸ" ಅಂತ ನಗುತ್ತಿದ್ದೆ. ಆ ನಗುವಿನಲ್ಲಿ ಸ್ವಲ್ಪ ಹೆಮ್ಮೆಯೂ ಇರುತ್ತಿತ್ತು ಅಂತ ಈಗ ಅನ್ನಿಸುತ್ತದೆ.

ನಾವಿರುವುದು ಪಾಂಡವಪುರದಲ್ಲಿ. ನಮ್ಮ ಬೀದಿಯ ಕೊನೆಯ ಎರಡು ಮನೆಗಳವರು ಮಹಡಿಯ ಕೋಣೆಗಳನ್ನು ಓದುವ ಹುಡುಗಿಯರಿಗೆ ಬಾಡಿಗೆಗೆ ಕೊಡುತ್ತಾರೆ. ಹೆಚ್ಚಿನವರು ಬಿ.ಎಡ್. ಓದುವವರು, ಟೀಚರ್ ಆಗುವ ತರಬೇತಿಯಲ್ಲಿರುವವರು. ಅವರು ಆಗಾಗ ಯಾವುದಾದರೂ ಹೈಸ್ಕೂಲಿಗೆ ಹೋಗಿ ನಿಜವಾದ ಮಕ್ಕಳ ಮುಂದೆ ಪಾಠ ಮಾಡಿ ತೋರಿಸಬೇಕು. ಹಿಂದಿನ ಬೆಂಚಿನಲ್ಲಿ ಅವರ ಕಾಲೇಜಿನ ಮೇಡಂ ಕೂತು ಅಂಕ ಹಾಕುತ್ತಾರೆ. ಪಾಠ ಅಂದಮೇಲೆ ಗೋಡೆಗೆ ನೇತುಹಾಕಲು ಚಾರ್ಟು ಬೇಕು. ವರ್ಷಗಳ ಹಿಂದೆ ಒಬ್ಬ ಹುಡುಗಿ ಕತ್ತರಿ ಕೇಳಿಕೊಂಡು ಬಂದಳು. ಅವಳ ಚಾರ್ಟಿನ ತಲೆಬರಹ ಸೊಟ್ಟಗಿತ್ತು. "ಕೊಡಮ್ಮ ಇಲ್ಲಿ" ಅಂತ ತೆಗೆದುಕೊಂಡು ಬರೆದುಕೊಟ್ಟೆ. ಅಲ್ಲಿಂದ ಶುರು. ಒಂದು ವರ್ಷದವರು ಕೋಣೆ ಖಾಲಿ ಮಾಡುವಾಗ ಮುಂದಿನವರಿಗೆ ಹಾಲಿನವನ ನಂಬರು, ನೀರು ಬಿಡುವ ಹೊತ್ತು ಹೇಳಿಹೋಗುವ ಹಾಗೆ ನನ್ನ ಮನೆಯನ್ನೂ ಹೇಳಿಹೋಗುತ್ತಿದ್ದರು. "ಅಕ್ಕನ ಅಕ್ಷರ ಅಚ್ಚು ಹಾಕ್ದಂಗೆ ಇರ್ತದೆ" ಅಂತ.

ಅಕ್ಷರ ನಿಜವಾಗಿ ನನ್ನದಲ್ಲ, ಕಾನ್ವೆಂಟಿನದು. ನಾನು ಹುಟ್ಟಿ ಬೆಳೆದದ್ದು ಶ್ರೀರಂಗಪಟ್ಟಣದಲ್ಲಿ. ಅಲ್ಲಿನ ಕಾನ್ವೆಂಟಿನ ಸಿಸ್ಟರ್ ಒಬ್ಬರು ನಮ್ಮ ಬೆರಳುಗಳ ನಡುವೆ ಪೆನ್ಸಿಲ್ ಇಟ್ಟು, ಅಕ್ಷರ ಗೆರೆಯ ಮೇಲೆ ಕೂರುವ ತನಕ ಬಿಡುತ್ತಿರಲಿಲ್ಲ. ಇಂಗ್ಲಿಷಿಗೆ ಕಲಿತ ಆ ದುಂಡನೆಯ ಬರಹ ಕನ್ನಡಕ್ಕೂ ಬಂತು. ಮದುವೆಯಾಗಿ ನಾಗಮಂಗಲದ ಕಡೆಯ ಈ ಮನೆತನಕ್ಕೆ ಬಂದಾಗ ನನಗೆ ಮುದ್ದೆ ತಿರುವಲು ಬರುತ್ತಿರಲಿಲ್ಲ, ಹಸುವಿನ ಹತ್ತಿರ ಹೋಗಲು ಹೆದರಿಕೆ. ಆದರೂ ಮಾವನವರು ಬಂದವರ ಮುಂದೆಲ್ಲ "ಕಾನ್ವೆಂಟ್ ಸೊಸೆ" ಅನ್ನುತ್ತಿದ್ದರು. ಮದುವೆ ಮನೆಗಳಲ್ಲಿ ಉಡುಗೊರೆಯ ಮೇಲೆ ಹೆಸರು ಬರೆಯಲು, ಬ್ಯಾಂಕಿನಿಂದ ಬಂದ ಕಾಗದ ಓದಲು ನನ್ನನ್ನೇ ಕರೆಯುತ್ತಿದ್ದರು. ಇಪ್ಪತ್ತು ವರ್ಷದಿಂದ ಆ ಹೆಸರು ನನ್ನ ಹೆಗಲ ಮೇಲೆ ಇಸ್ತ್ರಿ ಮಾಡಿದ ಸೆರಗಿನ ಹಾಗೆ ಕೂತಿದೆ. ಜಾರದ ಹಾಗೆ ಪಿನ್ನು ಹಾಕಿಕೊಂಡೇ ಓಡಾಡಿದ್ದೇನೆ.

ಚಾರ್ಟು ಬರೆಯುವ ಆ ಸಂಜೆಗಳಲ್ಲಿ ನನ್ನ ಮಗಳಿಗೂ ಒಂದು ಕೆಲಸವಿತ್ತು. ಬಿ.ಎಡ್. ಹುಡುಗಿಯರು ಮಾರನೆಯ ದಿನದ ಪಾಠವನ್ನು ಒಮ್ಮೆ ಒಪ್ಪಿಸಿ ನೋಡಲು ಅವಳನ್ನು ಎದುರು ಕೂರಿಸಿಕೊಳ್ಳುತ್ತಿದ್ದರು. ಅವಳೊಬ್ಬಳೇ ಅವರಿಗೆ ಇಡೀ ತರಗತಿ. ಅವಳು ಐದನೇ ಕ್ಲಾಸಿನಲ್ಲಿದ್ದಾಗಲೇ ಎಂಟನೇ ಕ್ಲಾಸಿನ ವಿಜ್ಞಾನ ಕೇಳಿದ್ದಳು. ತಲೆಹರಟೆ ಪ್ರಶ್ನೆ ಕೇಳುವುದೂ ಅವಳದೇ ಪಾಲು. "ಮಿಸ್, ಒಂದಕ್ಕೆ ಹೋಗ್ಲಾ ಮಿಸ್?" ಅಂತ ನಡುವೆ ಎದ್ದು ನಿಂತು, ಪಾಪ, ಅವರ ಬಾಯಿಪಾಠವನ್ನೆಲ್ಲ ತಪ್ಪಿಸುತ್ತಿದ್ದಳು. "ಇದನ್ನೆಲ್ಲ ಕೇಳ್ತಾರೆ ಕಣಕ್ಕ ಮಕ್ಕಳು, ಅಭ್ಯಾಸ ಮಾಡ್ಕೊಳ್ಳಿ" ಅಂತ ಉಪದೇಶ ಬೇರೆ.

ಆ ಮಗಳು ಈಗ ಪಿಯುಸಿ ಮುಗಿಸಿದ್ದಳು. ಒಳ್ಳೆಯ ಅಂಕ ಬಂದಿತ್ತು. ಮೈಸೂರಿನಲ್ಲಿ ಎರಡು ಕಡೆ ಸೀಟು ಸಿಕ್ಕಿತು. ಒಂದು ಇಂಜಿನಿಯರಿಂಗು. ಇನ್ನೊಂದು ನಾಲ್ಕು ವರ್ಷದ ಕೋರ್ಸು, ಬಿ.ಎಸ್ಸಿ.ಯೂ ಬಿ.ಎಡ್ಡೂ ಒಟ್ಟಿಗೇ. ಸೋಮವಾರದೊಳಗೆ ಎರಡರಲ್ಲಿ ಒಂದಕ್ಕೆ ಹೋಗಿ ಸೇರಬೇಕಿತ್ತು.

"ನಂಗೆ ಎರಡನೇದು" ಅಂದಳು ಮಗಳು, ಊಟಕ್ಕೆ ಕೂತಾಗ.

ನಮ್ಮವರಿಗೆ ಇಲ್ಲೇ ಊರಿನಲ್ಲಿ ಪಂಪ್‌ಸೆಟ್ಟಿನ ಅಂಗಡಿ. ಅವರು ಮುದ್ದೆ ಮುರಿಯುತ್ತಾ ತಲೆ ಎತ್ತದೆ, "ಅವ್ಳಿಗೆ ಯಾವ್ದು ಇಷ್ಟವೋ ಅದ್ನೇ ಓದ್ಲಿ ಬುಡು" ಅಂದರು. ಅವರಿಗೆ ಅದು ಅಲ್ಲಿಗೆ ಮುಗಿಯಿತು. ನಾನು ಸಾರು ಬಡಿಸಿದೆ. "ಯೋಚನೆ ಮಾಡೋಣ, ಸೋಮವಾರದ ತನಕ ಟೈಮಿದೆಯಲ್ಲ" ಅಂದೆ. ಮಗಳು ನನ್ನ ಮುಖ ನೋಡಿದಳು. ನಾನು ಸಾರಿನ ಪಾತ್ರೆಯ ಮುಚ್ಚಳ ನೋಡಿದೆ.

ಅದಾಗಿ ಎರಡು ದಿನಕ್ಕೆ ನನ್ನ ಓರಗಿತ್ತಿ ಬಂದರು, ನಮ್ಮವರ ಅಣ್ಣನ ಹೆಂಡತಿ. ಕೆ.ಆರ್.ಪೇಟೆಯಲ್ಲಿ ಮನೆ. ಅವರ ಕಡೆ ಒಂದು ಮದುವೆ, ಭಾನುವಾರ. ಅದಕ್ಕೆ ಕರೆಯಲು ಬಂದಿದ್ದರು. ಅವರು ಮನೆಯೊಳಗೆ ಬರುವ ಮೊದಲೇ ಅವರ ಮಾತು ಒಳಗೆ ಬಂದಿರುತ್ತದೆ.

ಆ ಹೊತ್ತಿಗೆ ನಡುಮನೆಯಲ್ಲಿ ಬಿ.ಎಡ್. ಹುಡುಗಿಯೊಬ್ಬಳು ನೆಲದ ಮೇಲೆ ಚಾರ್ಟು ಹರಡಿಕೊಂಡು ಬಣ್ಣ ತುಂಬುತ್ತಿದ್ದಳು. ಬಿಂಡಿಗನವಿಲೆ ಊರಿನ ಹುಡುಗಿ. ಮನೆಯಲ್ಲಿ ಕುರಿ ಸಾಕುತ್ತಾರೆ. ಊರಿಗೆ ಹೋಗಿ ಬಂದಾಗಲೆಲ್ಲ ನನಗೆ ಹುರುಳಿಯನ್ನೋ ಅವರೆಕಾಳನ್ನೋ ತರುತ್ತಿದ್ದಳು. ನನ್ನ ಮಗಳಿಗೆ ಅವಳೆಂದರೆ ಬಹಳ ಸಲಿಗೆ. ಮಾರನೆಯ ದಿನ ಸರ್ಕಾರಿ ಹೈಸ್ಕೂಲಿನಲ್ಲಿ ಅವಳ ಪಾಠ, ಮಣ್ಣಿನ ಪದರಗಳ ಮೇಲೆ. ತಲೆಬರಹ ಬರೆದುಕೊಟ್ಟು, ಉಳಿದ ಹೆಸರುಗಳನ್ನು ಕಾಫಿ ಆದಮೇಲೆ ಬರೆಯುತ್ತೇನೆ ಅಂದಿದ್ದೆ.

ಓರಗಿತ್ತಿ ಅವಳ ಚಾರ್ಟನ್ನು ತುಳಿಯದ ಹಾಗೆ ಸೀರೆ ಎತ್ತಿಕೊಂಡು ಸುತ್ತಿ ಬಂದು ಸೋಫಾದಲ್ಲಿ ಕೂತರು.

"ನಿನ್ ಮಗ್ಳುದ್ದು ಏನಾಯ್ತಮ್ಮಿ? ಸೀಟ್ ಸಿಕ್ತಾ?"

"ಸಿಕ್ಕಿತು ಅಕ್ಕ."

"ಎಲ್ಲಿ? ಏನ್ ಓದ್ತಾಳಂತೆ? ನಮ್ಮವ್ಳು ಇಂಜಿನಿಯರಿಂಗು ಸೇರಿ ಆಗ್ಲೇ ಎಲ್ಡು ವರ್ಸ ಆಯ್ತು. ಮೊನ್ನೆ ನಿನ್ ಮಗ್ಳು ಟೀಚರ್ ಆಯ್ತೀನಿ ಅಂತ ಅವ್ಳಿಗೆ ಫೋನಲ್ಲಿ ಏನೋ ಅಂದ್ಳಂತೆ. ನಾನು ನಂಬ್ನಿಲ್ಲ ಕಣಮ್ಮಿ. ಕಾನ್ವೆಂಟಲ್ಲಿ ಓದ್ದೋಳ್ ಮಗ್ಳು, ಅಂಗೆಲ್ಲ ಮಾಡಾಳಾ ಅಂದೆ."

ನಾನು ಕಾಫಿ ಲೋಟದ ಕೆಳಗೆ ತಟ್ಟೆ ಸರಿಯಾಗಿ ಇಡುತ್ತಿದ್ದೆ. ಮಗಳು ಅಡುಗೆಮನೆ ಬಾಗಿಲಲ್ಲಿ ಚಕ್ಕುಲಿ ಡಬ್ಬಿ ಹಿಡಿದು ನಿಂತಿದ್ದಳು. ಹೇಳುವುದಕ್ಕೆ ಎಷ್ಟು ಹೊತ್ತು? "ಹೌದು ಅಕ್ಕ, ಅವಳಿಗೆ ಅದೇ ಇಷ್ಟ" ಅಂದಿದ್ದರೆ ಮುಗಿದುಹೋಗುತ್ತಿತ್ತು. ಆದರೆ ನನ್ನ ಬಾಯಿಂದ ಬಂದದ್ದು ಬೇರೆ.

"ಅಯ್ಯೋ ಇಲ್ಲಕ್ಕ, ತಮಾಷೆಗೆ ಅಂದಿರಬೇಕು. ಇಂಜಿನಿಯರಿಂಗೇ. ಮೈಸೂರಲ್ಲಿ. ಕಂಪ್ಯೂಟರ್ ಸೈನ್ಸು."

"ಅಂಗ್ ಯೋಳು ಮತ್ತೆ!"

ಅಷ್ಟಕ್ಕೇ ನಿಲ್ಲಿಸಬಹುದಿತ್ತು. ಸುಳ್ಳು ಹೇಳಿದವಳಿಗೆ ಅದನ್ನು ಗಟ್ಟಿ ಮಾಡುವ ಆಸೆ. ನನ್ನ ಕಾನ್ವೆಂಟಿನ ಮೆತ್ತನೆ ದನಿಯಲ್ಲೇ ಮುಂದುವರಿಸಿದೆ. "ಬಿ.ಎಡ್.ಗೆ ಅಷ್ಟೊಂದು ಮಾರ್ಕ್ಸ್ ಯಾಕೆ ಬೇಕಕ್ಕ? ಅದು ಬೇರೆ ಎಲ್ಲೂ ಸಿಗದವರು ಹೋಗೋದು."

ಹೇಳಿ ಮುಗಿಸಿದ ಮೇಲೆ ನೆಲದ ಕಡೆ ನೋಡಿದೆ. ಬಿಂಡಿಗನವಿಲೆ ಹುಡುಗಿ ಬಣ್ಣ ತುಂಬುವುದನ್ನು ನಿಲ್ಲಿಸಿರಲಿಲ್ಲ. ಕಂದು ಬಣ್ಣದ ಸ್ಕೆಚ್ ಪೆನ್ನು ಒಂದೇ ಜಾಗದಲ್ಲಿ ಹೋಗಿ ಬಂದು ಹೋಗಿ ಬಂದು, ಕಾಗದ ಅಲ್ಲಿ ಒದ್ದೆಯಾಗಿ ಸಿಪ್ಪೆ ಏಳುತ್ತಿತ್ತು. ಅವಳ ಕಿವಿಯ ಓಲೆ ಮಾತ್ರ ಅಲ್ಲಾಡುತ್ತಿತ್ತು. ಸ್ವಲ್ಪ ಹೊತ್ತಿಗೆ ಪೆನ್ನಿನ ಮುಚ್ಚಳ ಹಾಕಿದಳು. "ಅಕ್ಕ, ಇದು ಮುಗ್ದೋಯ್ತು. ರೂಮಿಂದ ಇನ್ನೊಂದ್ ತತ್ತೀನಿ" ಅಂತ ಎದ್ದಳು. ನನ್ನ ಮುಖ ನೋಡಲಿಲ್ಲ. ಓರಗಿತ್ತಿಗೆ ನಮಸ್ಕಾರ ಮಾಡುವುದನ್ನು ಮಾತ್ರ ಮರೆಯಲಿಲ್ಲ. ಚಪ್ಪಲಿ ಹಾಕಿಕೊಳ್ಳುವ ಸದ್ದು, ಗೇಟಿನ ಸದ್ದು.

ಪೆನ್ನು ಎತ್ತಿ ಗೀಚಿ ನೋಡಿದೆ. ಮುಗಿದಿರಲಿಲ್ಲ.

ಓರಗಿತ್ತಿ ಹೊರಟ ಮೇಲೆ ಮಗಳು ಚಕ್ಕುಲಿ ಡಬ್ಬಿಯನ್ನು ಟೀಪಾಯಿ ಮೇಲೆ ಇಟ್ಟಳು. ಕುಕ್ಕಲಿಲ್ಲ, ಮೆಲ್ಲಗೇ ಇಟ್ಟಳು. "ನನ್ ವಿಷಯ ಬಿಡಮ್ಮ. ಅವಳು ಅಲ್ಲೇ ಕೂತಿದ್ಳು. ನಮ್ಮನೆ ನೆಲದ ಮೇಲೆ ಕೂತಿದ್ಳು."

"ನಾನು ಅವಳಿಗೆ ಅಂತ ಹೇಳಲಿಲ್ಲವಲ್ಲೇ."

"ಮತ್ತೆ ಯಾರಿಗೆ ಹೇಳ್ದೆ? ನಂಗಾ?"

ಕಾಫಿ ಲೋಟಗಳನ್ನು ಎತ್ತಿಕೊಂಡು ಒಳಗೆ ಹೋದೆ. ಹುಡುಗಿ ಹಿಂತಿರುಗಲಿಲ್ಲ. ಸಂಜೆ ದೀಪ ಹಚ್ಚಿ, ನೆಲದ ಮೇಲೆ ಕೂತು ಚಾರ್ಟು ನಾನೇ ಮುಗಿಸಿದೆ. ಮೇಲ್ಮಣ್ಣು, ಕೆಳಮಣ್ಣು, ಕಲ್ಲು ಬೆರೆತ ಪದರ, ಬಂಡೆ. ಎಂದಿಗಿಂತ ಚೆನ್ನಾಗಿ ಬರೆದೆ. ಒದ್ದೆಯಾಗಿ ಸಿಪ್ಪೆಯೆದ್ದ ಜಾಗದ ಮೇಲೆ ಬೇರೆ ಕಾಗದ ಅಂಟಿಸಿ ಅದರ ಮೇಲೊಂದು ಗಿಡ ಬರೆದೆ. ಇಷ್ಟು ಚೆನ್ನಾಗಿ ಬರೆದುಕೊಟ್ಟರೆ ಅವಳಿಗೆ ಸಮಾಧಾನವಾದೀತು ಅಂದುಕೊಂಡೆ. ಆಡಿದ ಮಾತನ್ನು ಅಕ್ಷರದಿಂದ ಮುಚ್ಚಿಬಿಡಬಹುದು ಅನ್ನುವಷ್ಟು ದಡ್ಡತನ ನನಗಿತ್ತು.

ಬೆಳಗ್ಗೆ ಚಾರ್ಟು ಸುತ್ತಿಕೊಂಡು ಮಹಡಿ ಕೋಣೆಗೆ ಹೋದರೆ ಬೀಗ ಹಾಕಿತ್ತು. ಮಗಳು "ಸ್ಕೂಲಿಗೇ ಹೋಗೋಣ, ನಾನೂ ಬರ್ತೀನಿ" ಅಂದಳು. ನನ್ನ ಜೊತೆಗೆ ಅಂತಲ್ಲ, ಅವಳ ಪಾಠ ನೋಡಲು.

ನಾವು ಹೋದಾಗ ಪಾಠ ಶುರುವಾಗಿತ್ತು. ಬಾಗಿಲ ಹೊರಗೆ ಜಗಲಿಯಲ್ಲಿ ನಿಂತೆವು. ಬಿಂಡಿಗನವಿಲೆ ಹುಡುಗಿ ತರಬೇತಿಯವರ ತಿಳಿನೇರಳೆ ಸೀರೆ ಉಟ್ಟು, ನೆರಿಗೆಗೆ ಎರಡು ಕಡೆ ಪಿನ್ನು ಹಾಕಿಕೊಂಡು ನಿಂತಿದ್ದಳು. ಹಿಂದಿನ ಗೋಡೆಯಲ್ಲಿ ಹಳೆ ಕ್ಯಾಲೆಂಡರಿನ ಹಿಂಬದಿಯಲ್ಲಿ ಬರೆದ ಚಾರ್ಟು. ಅಕ್ಷರ ಒಂದು ಕಡೆ ದೊಡ್ಡದು, ಒಂದು ಕಡೆ ಚಿಕ್ಕದು, ಬಲಗಡೆಗೆ ಹೋಗುತ್ತಾ ಹೋಗುತ್ತಾ ಇಳಿಜಾರು. ಮೇಜಿನ ಮೇಲೆ ಎರಡು ಗಾಜಿನ ಸೀಸೆ, ಒಂದರಲ್ಲಿ ಅವಳ ಊರಿನ ಕೆಂಪು ಮಣ್ಣು, ಇನ್ನೊಂದರಲ್ಲಿ ಇಲ್ಲಿನ ನಾಲೆ ಬದಿಯ ಗದ್ದೆ ಮಣ್ಣು. ನೀರು ಹಾಕಿ ಕುಲುಕಿ ಇಟ್ಟಿದ್ದಳು. ಮಣ್ಣು ಪದರ ಪದರವಾಗಿ ಕೆಳಗೆ ಕೂರುವುದನ್ನು ಮಕ್ಕಳು ನೋಡಬೇಕಿತ್ತು.

ಕೆಂಪು ಮಣ್ಣು ಕೂತಿತು, ಇನ್ನೊಂದು ಕೂರಲಿಲ್ಲ. ಗದ್ದೆ ಮಣ್ಣಿನ ಸೀಸೆ ಟೀ ಹಾಗೆ ಕಲಕಿಕೊಂಡೇ ಇತ್ತು.

"ಮಿಸ್, ನಿಮ್ಮೂರುದ್ದು ಕುಂತ್ಕತು. ನಮ್ಮೂರುದ್ದು ಇನ್ನೂ ನಿಂತೇ ಅದೆ" ಅಂದ ಒಬ್ಬ ಹುಡುಗ. ತರಗತಿಯೆಲ್ಲ ನಕ್ಕಿತು.

"ನಿಮ್ಮಂಗೆ ಅಲ್ವೇನ್ಲಾ ನಿಮ್ಮೂರ್ ಮಣ್ಣು, ಒಂದ್ ಕಡೆ ಕೂರಾಕಿಲ್ಲ" ಅಂದಳು ಅವಳು. ಇನ್ನೂ ಜೋರು ನಗು. ಆದರೆ ಅವಳ ಕೈ ಸೀಮೆಸುಣ್ಣವನ್ನು ಪುಡಿ ಮಾಡುತ್ತಿದ್ದುದು ನನಗೆ ಕಾಣಿಸುತ್ತಿತ್ತು. ಹೊತ್ತು ಓಡುತ್ತಿತ್ತು. ಬರೆದುಕೊಂಡು ಬಂದಿದ್ದ ಪಾಠ ಅರ್ಧದಲ್ಲೇ ನಿಂತಿತ್ತು. "ಯಾಕೆ ಇನ್ನೂ ಕೂತಿಲ್ಲ, ನೀವೇ ಹೇಳಿ" ಅಂದಳು. ಮಕ್ಕಳು ಹೇಳಲು ಶುರು ಮಾಡಿದರು. ಒಬ್ಬೊಬ್ಬರದು ಒಂದೊಂದು ಕತೆ, ನಾಲೆಯಲ್ಲಿ ಎಮ್ಮೆ ಇಳಿದದ್ದು, ಗದ್ದೆಯಲ್ಲಿ ಕಾಲು ಹೂತದ್ದು. ನನ್ನ ಮಗಳು ಬಾಗಿಲ ಚೌಕಟ್ಟು ಹಿಡಿದು ಪಾದದ ತುದಿಯ ಮೇಲೆ ನಿಂತು ನೋಡುತ್ತಿದ್ದಳು. ಇಂಜಿನಿಯರಿಂಗ್ ಕಾಲೇಜಿನ ಕಟ್ಟಡ ತೋರಿಸಲು ಕರೆದುಕೊಂಡು ಹೋದಾಗ ಆ ಮುಖ ನಾನು ನೋಡಿರಲಿಲ್ಲ. ಬೆಲ್ಲು ಹೊಡೆಯಿತು. ಪಾಠ ಮುಗಿದಿರಲೇ ಇಲ್ಲ.

ಹಿಂದಿನ ಬೆಂಚಿನಿಂದ ಅವಳ ಕಾಲೇಜಿನ ಮೇಡಂ ಎದ್ದು ಬಂದರು. "ಕೊನೆಗೆ ಪಾಠ ಒಟ್ಟು ಮಾಡಿ ಹೇಳಲೇ ಇಲ್ಲವಲ್ಲಮ್ಮ. ಅದಕ್ಕೆ ಅಂಕ ಹೋಗುತ್ತೆ" ಅಂದರು ಅವಳಿಗೆ. ಆಮೇಲೆ ಬಾಗಿಲಲ್ಲಿ ನನ್ನನ್ನು ಕಂಡರು. ನನ್ನ ಕೈಯಲ್ಲಿದ್ದ ಚಾರ್ಟಿನ ಸುರುಳಿ ತುದಿಯಲ್ಲಿ ಬಿಚ್ಚಿಕೊಂಡು ತಲೆಬರಹ ಕಾಣುತ್ತಿತ್ತು. ಅವರು ಕನ್ನಡಕ ಸರಿಮಾಡಿಕೊಂಡರು.

"ಓಹೋ. ಈ ಅಕ್ಷರ ನಿಮ್ಮದೇನಮ್ಮ?"

ಹೌದು ಅಂದೆ. ಹೊಗಳುತ್ತಾರೆ ಅಂದುಕೊಂಡೆ. ನಾಚಿಕೆಯಿಲ್ಲದೆ ಮುಗುಳ್ನಕ್ಕೆ ಕೂಡ.

"ಎಷ್ಟೋ ವರ್ಷದಿಂದ ನೋಡ್ತಾ ಇದ್ದೀನಿ. ವಿಜ್ಞಾನದವರದೂ ಇದೇ ಅಕ್ಷರ, ಸಮಾಜದವರದೂ ಇದೇ ಅಕ್ಷರ. ಬ್ಯಾಚ್ ಬದಲಾದರೂ ಅಕ್ಷರ ಬದಲಾಗೋದಿಲ್ಲ. ಸ್ವಂತ ಬರೆದದ್ದು ಅಂತ ಎಲ್ಲರೂ ಹೇಳ್ತಾರೆ. ನಮ್ಮ ಕಾಲೇಜಿನಲ್ಲಿ ಎಷ್ಟು ಸಲ ಪಾಸಾಗಿದ್ದೀರೋ ನೀವು!"

ತಮಾಷೆಯಾಗಿಯೇ ಅಂದರು. ಅಲ್ಲಿ ಕೂತಿದ್ದ ಬೇರೆ ತರಬೇತಿ ಹುಡುಗಿಯರು ಬಾಯಿಗೆ ಸೆರಗು ಅಡ್ಡ ಇಟ್ಟುಕೊಂಡು ನಕ್ಕರು. ಅವರಲ್ಲಿ ಅರ್ಧ ಜನ ನನ್ನ ಮನೆಯ ನೆಲದ ಮೇಲೆ ಕೂತವರೇ. ನನಗೆ ಆ ಸುರುಳಿಯನ್ನು ಎಲ್ಲಿಡಬೇಕೋ ತಿಳಿಯಲಿಲ್ಲ. ಹಿಂದೆ ಬಚ್ಚಿಟ್ಟರೆ ಇನ್ನೂ ಎದ್ದು ಕಾಣುತ್ತದೆ. ಅಷ್ಟು ವರ್ಷ ಉಪಕಾರ ಮಾಡುತ್ತಿದ್ದೇನೆ ಅಂದುಕೊಂಡಿದ್ದೆ. ಅವರು ಕಲಿಯಬೇಕಾದದ್ದನ್ನು ನಾನು ಬರೆದುಕೊಡಬಹುದಾದರೆ, ಆ ಓದು ಅಷ್ಟೇ ಅಂತ ತಾನೇ ನಾನು ತಿಳಿದಿದ್ದುದು? ಡಾಕ್ಟರ್ ಓದುವವರ ಕೆಲಸವನ್ನು ಹೀಗೆ "ಕೊಡಮ್ಮ ಇಲ್ಲಿ" ಅಂತ ಕಿತ್ತುಕೊಳ್ಳುತ್ತಿದ್ದೆನೇ?

ಗೇಟಿನ ಹತ್ತಿರ ಹುಡುಗಿಯನ್ನು ನಿಲ್ಲಿಸಿದೆ. "ನಾನು ನಿನ್ನೆ ಹಾಗೆ ಹೇಳಬಾರದಿತ್ತು ಕಣೇ" ಅಂದೆ.

"ಅಯ್ಯೋ ಬುಡಿ ಅಕ್ಕ. ನಮ್ಮವ್ವನೂ ಅಂಗೇ ಅಂತಾಳೆ." ನಕ್ಕಳು. ಸೀಸೆಗಳನ್ನು ಚೀಲಕ್ಕೆ ಹಾಕಿಕೊಂಡಳು. ಆಮೇಲೆ ಚೀಲದ ಕಡೆಯೇ ನೋಡುತ್ತಾ ಅಂದಳು, "ನಂಗೆ ಬ್ಯಾರೆ ಕಡೆನೂ ಸಿಕ್ಕಿತ್ತು ಅಕ್ಕ. ನರ್ಸಿಂಗು. ನಾನೇ ಬ್ಯಾಡ ಅಂದಿದ್ದು."

ನನ್ನ ಕೈಯಲ್ಲಿದ್ದ ಚಾರ್ಟನ್ನು ಅವಳು ಕೇಳಲಿಲ್ಲ. ಕೊಡುವ ಧೈರ್ಯ ನನಗೂ ಬರಲಿಲ್ಲ.

ಇಷ್ಟಾದ ಮೇಲಾದರೂ ಓರಗಿತ್ತಿಗೆ ಫೋನು ಮಾಡಿ ಇದ್ದದ್ದು ಹೇಳಬೇಕಿತ್ತು. ಇವತ್ತು ಬೇಡ, ಮದುವೆಯ ಗಲಾಟೆಯಲ್ಲಿರುತ್ತಾರೆ ಅಂದುಕೊಂಡೆ. ಭಾನುವಾರ ಎದುರಿಗೇ ಹೇಳಿದರಾಯಿತು ಅಂದುಕೊಂಡೆ. ಮನೆಯಲ್ಲಿ ಮಗಳು ಆ ವಿಷಯ ಎತ್ತಲಿಲ್ಲ. ಅವರಪ್ಪನ ಜೊತೆ ನಗುತ್ತಾ ಮಾತಾಡುತ್ತಿದ್ದಳು. ನನ್ನ ಜೊತೆ ಮಾತ್ರ ಬಹಳ ಮರ್ಯಾದೆಯಿಂದ ಇದ್ದಳು. ಒಗೆದ ಬಟ್ಟೆ ಮಡಚಿಟ್ಟಳು, ಕೇಳದೆಯೇ ತೆಂಗಿನಕಾಯಿ ತುರಿದಳು. ಜಗಳವಾಡಿದ್ದರೆ ವಾಸಿಯಿತ್ತು.

ಭಾನುವಾರ ನಮ್ಮವರು ಅಂಗಡಿ ಬಿಡಲಾಗದೆ ಉಳಿದರು. ಮಗಳೂ ನಾನೂ ಕೆ.ಆರ್.ಪೇಟೆಗೆ ಬಸ್ಸಿನಲ್ಲಿ ಹೋದೆವು. ಕಲ್ಯಾಣ ಮಂಟಪದ ಬಾಗಿಲಲ್ಲಿ ಪನ್ನೀರು ಚಿಮುಕಿಸಿಕೊಳ್ಳುವಾಗಲೇ ಗೊತ್ತಾಯಿತು, ಓರಗಿತ್ತಿ ಸುದ್ದಿಯನ್ನು ಊರಿಗೆಲ್ಲ ಹಂಚಿಯಾಗಿತ್ತು ಅಂತ.

"ಬಾರವ್ವ ಇಂಜಿನಿಯರಮ್ಮ!" ಅಂತ ಒಬ್ಬ ಅಜ್ಜಿ ನನ್ನ ಮಗಳ ಗಲ್ಲ ಹಿಡಿದರು. "ಕಾನ್ವೆಂಟ್ ಸೊಸೆ ಮಗ್ಳು ಅಂದ್ಮೇಲೆ ಕೇಳ್ಬೇಕಾ!"

"ಕಂಪ್ಯೂಟರ್ ಸೈನ್ಸಂತೆ" ಅಂದರು ಇನ್ನೊಬ್ಬ ಅಜ್ಜಿ. "ನಮ್ ಮೊಮ್ಮಗುಂಗೂ ಅದೇ ಕೊಡ್ಸಬೇಕು ಅಂತಿವ್ನಿ. ಎಂಗದೆ ಯೋಳವ್ವ, ಕಷ್ಟವಾ?"

ಮಗಳು ನನ್ನ ಕಡೆ ನೋಡಿದಳು. ಅದು ನಾನು ಮಾತಾಡಬೇಕಾದ ಹೊತ್ತು. ನನಗಾಗಿಯೇ ಅವಳು ಒಂದು ಉಸಿರಿನಷ್ಟು ಹೊತ್ತು ಜಾಗ ಬಿಟ್ಟಳು. ನಾನು ಸೆರಗಿನ ಪಿನ್ನು ಮುಟ್ಟಿ ನೋಡಿಕೊಂಡೆ.

"ಇನ್ನೂ ಶುರುವಾಗಿಲ್ಲ ಅಜ್ಜಿ" ಅಂದಳು ಮಗಳು. "ಚೆನ್ನಾಗಿರುತ್ತಂತೆ."

ನಕ್ಕಳು. ಆ ನಗು ನಾನು ಬಲ್ಲೆ. ಅದು ನನ್ನದೇ ನಗು, ಮೇಲಿನ ಹಲ್ಲು ಮಾತ್ರ ಕಾಣುವ, ಬಂದವರ ಮುಂದಿನ ನಗು. ನಾನು ಹೇಳಿಕೊಟ್ಟಿರಲಿಲ್ಲ. ನೋಡಿ ನೋಡಿ ಕಲಿತಿದ್ದಳು. ಊಟದ ಸಾಲಿನಲ್ಲಿ ಮತ್ತೆ ಇಬ್ಬರು ಕೇಳಿದರು. ಇಬ್ಬರಿಗೂ ಅದನ್ನೇ ಹೇಳಿದಳು. ಒಬ್ಬರು ಯಾವ ಕಾಲೇಜು ಅಂದಾಗ ತಡವರಿಸಲೂ ಇಲ್ಲ. ನನ್ನ ಎಲೆಯ ಮೇಲೆ ಹೋಳಿಗೆಗೆ ಹಾಕಿದ ತುಪ್ಪ ಬಿಳಿಯಾಗಿ ಹೆಪ್ಪುಗಟ್ಟಿತು. ತಾಯಿಯ ಮಾನ ಉಳಿಸಲು ಮಗಳು ಸುಳ್ಳು ಹೇಳುತ್ತಿದ್ದಾಳೆ, ತಾಯಿ ಪಕ್ಕದಲ್ಲಿ ಕೂತು ಕೋಸಂಬರಿ ತಿನ್ನುತ್ತಿದ್ದಾಳೆ. ಇದಕ್ಕಿಂತ ಕೀಳಾಗಿ ನನ್ನನ್ನು ನಾನು ಎಂದೂ ಕಂಡಿರಲಿಲ್ಲ.

ವಾಪಸು ಬರುವಾಗ ಬಸ್ಸಿನಲ್ಲಿ ಜನ ಕಡಿಮೆ. ಮಗಳು ಕಿಟಕಿಯ ಹತ್ತಿರ ಕೂತಳು. ತಾಂಬೂಲದ ಚೀಲ ತೊಡೆಯ ಮೇಲಿಟ್ಟುಕೊಂಡು ಅದರ ದಾರ ಸುತ್ತುತ್ತಾ ಬಿಚ್ಚುತ್ತಾ ಇದ್ದಳು. ಊರು ದಾಟಿದ ಮೇಲೆ ಮಾತಾಡಿದಳು.

"ಅಮ್ಮ, ನಾನು ಇಂಜಿನಿಯರಿಂಗೇ ಸೇರ್ಲಾ?"

"ಯಾಕೆ?"

"ಸುಮ್ನೆ. ನಾಳೆ ಹೋಗಿ ಅದಕ್ಕೇ ಸೇರಿಬಿಟ್ರೆ ನೀನು ಹೇಳಿದ್ದು ಸುಳ್ಳಾಗಲ್ಲ. ನಂಗೇನು, ಓದ್ತೀನಿ. ಓದೋಕೆ ಬರುತ್ತಲ್ಲ." ಚೀಲದ ದಾರವನ್ನು ಬೆರಳಿಗೆ ಬಿಗಿಯಾಗಿ ಸುತ್ತಿಕೊಂಡು, "ನಿಂಗೆ ಅಷ್ಟೊಂದು ನಾಚಿಕೆ ಆಗುತ್ತೆ ಅಂತ ನಂಗೆ ಗೊತ್ತಿರ್ಲಿಲ್ಲ" ಅಂದಳು.

ಕೋಪವಿರಲಿಲ್ಲ ಆ ಮಾತಿನಲ್ಲಿ. ನನ್ನ ಮೇಲೆ ಕನಿಕರವಿತ್ತು. ನಾಲ್ಕು ವರ್ಷ, ಆಮೇಲೆ ಇಡೀ ಜೀವಮಾನ, ನಾನು ಕಾಫಿ ಲೋಟದ ಕೆಳಗೆ ತಟ್ಟೆ ಇಡುತ್ತಾ ಆಡಿದ ಒಂದು ಮಾತಿಗೆ ಅವಳು ಬೆಲೆ ತೆರಲು ತಯಾರಾಗಿದ್ದಳು. ನಾನು ಸುಮ್ಮನಿದ್ದರೆ ಸಾಕಾಗಿತ್ತು. ಹೂಂ ಅನ್ನುವುದೂ ಬೇಕಿರಲಿಲ್ಲ.

ಪರ್ಸಿನಿಂದ ಫೋನು ತೆಗೆದು ಓರಗಿತ್ತಿಗೆ ಮಾಡಿದೆ. ಅವಸರದಲ್ಲಿ ಏನೇನೋ ಒತ್ತಿಹೋಯಿತು. ಅತ್ತ ಕಡೆ ವಾದ್ಯದ ಸದ್ದು.

"ಏನಮ್ಮಿ, ಏನಾರ ಬುಟ್ಟೋದ್ಯಾ?"

"ಇಲ್ಲ ಅಕ್ಕ. ಒಂದು ಮಾತು ಹೇಳಬೇಕಿತ್ತು. ಅವಳು ಇಂಜಿನಿಯರಿಂಗ್ ಸೇರ್ತಾ ಇಲ್ಲ. ಬಿ.ಎಡ್. ಮಾಡ್ತಾಳೆ. ನಾಲ್ಕು ವರ್ಷದ್ದು. ಟೀಚರ್ ಆಗ್ತಾಳೆ. ನಾನು ಅವತ್ತು ಸುಳ್ಳು ಹೇಳಿದೆ."

"ಏನು?"

ಬಸ್ಸು ಗೇರು ಬದಲಿಸಿತು. ಇನ್ನೊಂದು ಸಲ ಜೋರಾಗಿ ಹೇಳಬೇಕಾಯಿತು. ಹೇಳಿದೆ.

"ಅಯ್ಯೋ ನಿನ್ನ! ಅದುಕ್ಯಾಕಮ್ಮಿ ಸುಳ್ ಯೋಳ್ದೆ? ನಾನೇನ್ ನಿನ್ ಮಗ್ಳುನ್ನ ತಿಂದ್ಕತಿದ್ನಾ? ಊರೋರ್ಗೆಲ್ಲ ಯೋಳ್ಬುಟ್ಟಿವ್ನಿ. ಇವಾಗ ನಾನ್ ಸುಳ್ಳಿ ಆದ್ನಾ? ನೋಡು, ನಾನ್ ಯಾರ್ಗೂ ತಿದ್ದಾಕಿಲ್ಲ. ನೀನೇ ಒಬ್ಬೊಬ್ರಿಗೂ ಫೋನ್ ಮಾಡಿ ಯೋಳು. ಬಾಗ್ಲಲ್ ಸಿಕ್ತಲ್ಲ, ಆ ಅಜ್ಜಿಗೆ ಮೊದ್ಲು ಯೋಳು, ಅದು ಆಗ್ಲೇ ನಾಗಮಂಗ್ಲದಲ್ಲಿ ಯಾವ್ದೋ ಗಂಡಿಗೆ ಯೋಳ್ಬುಟ್ಟದೆ, ಇಂಜಿನಿಯರ್ ಹುಡ್ಗಿ ಅವ್ಳೆ ಅಂತ!"

ಫೋನು ಇಟ್ಟರು. ಮಗಳು ಕಿಟಕಿಯ ಕಡೆ ಮುಖ ತಿರುಗಿಸಿಕೊಂಡಿದ್ದಳು. ಭುಜ ಅಲುಗುತ್ತಿತ್ತು. ಅಳುತ್ತಿದ್ದಾಳೆ ಅಂದುಕೊಂಡೆ.

"ಅಮ್ಮ" ಅಂದಳು, ನಗು ತಡೆಯಲಾಗದೆ. "ಸ್ಪೀಕರ್ ಆನ್ ಆಗಿತ್ತು."

ಮುಂದಿನ ಸೀಟಿನ ಹೆಂಗಸು ಹಿಂದಕ್ಕೆ ತಿರುಗಿ ನನ್ನನ್ನು ಚೆನ್ನಾಗಿ ನೋಡಿದರು. "ಟೀಚರ್ ಆದ್ರೆ ಏನಂತೆ?" ಅಂದರು. ಕಂಡಕ್ಟರು ಟಿಕೆಟ್ ಯಂತ್ರವನ್ನು ಒರೆಸುತ್ತಾ ಮುಗುಳ್ನಗುತ್ತಿದ್ದ. ನನ್ನ ಕಿವಿ ಸುಡುತ್ತಿತ್ತು. ಪಾಂಡವಪುರ ಬರುವ ತನಕ ನಾನು ತಲೆ ಎತ್ತಲಿಲ್ಲ.

ಸೋಮವಾರ ಮೈಸೂರಿಗೆ ಹೋಗಿ ಬಿ.ಎಡ್. ಕೋರ್ಸಿಗೆ ಸೇರಿಸಿ ಬಂದೆವು. ಅದರ ಮುಂದಿನ ವಾರವೆಲ್ಲ ನಾನು ಫೋನು ಹಿಡಿದು ಕೂತೆ. ಅಜ್ಜಿ, ಅಜ್ಜಿಯ ತಂಗಿ, ಗಂಡಿನ ಕಡೆಗೆ ಸುದ್ದಿ ಮುಟ್ಟಿಸಿದವರು. ಒಬ್ಬರು ಬೈದರು. ಒಬ್ಬರು "ಸೀಟು ಕಳ್ಕೊಂಡ್ಬುಟ್ಲಾ ಪಾಪ" ಅಂತ ಸಮಾಧಾನ ಹೇಳಿದರು. ಅವರಿಗೆ ಕಳೆದುಕೊಂಡಿಲ್ಲ ಅಂತ ವಿವರಿಸುವುದು ಎಲ್ಲಕ್ಕಿಂತ ಕಷ್ಟವಾಯಿತು. ಬಿಂಡಿಗನವಿಲೆ ಹುಡುಗಿ ಬೀದಿಯಲ್ಲಿ ಸಿಕ್ಕರೆ ನಿಂತು ಮಾತಾಡುತ್ತಾಳೆ. ಮನೆಯೊಳಗೆ ಬರುವುದಿಲ್ಲ. ಬಾ ಅಂತ ಕರೆಯುತ್ತೇನೆ, "ಇನ್ನೊಂದಿನ ಬತ್ತೀನಿ ಅಕ್ಕ" ಅನ್ನುತ್ತಾಳೆ. ಆ ಇನ್ನೊಂದು ದಿನ ಇನ್ನೂ ಬಂದಿಲ್ಲ. ಬರಬೇಕು ಅಂತ ಕೇಳುವ ಹಕ್ಕು ನನಗಿಲ್ಲ.

ಎಲ್ಲ ಸರಿಹೋಯಿತು ಅಂತ ಬರೆಯಲು ಆಸೆಯಿದೆ. ಹೋದ ತಿಂಗಳು ಮಗಳು ರಜೆಗೆ ಬಂದಿದ್ದಳು. ಬ್ಯಾಂಕಿನಲ್ಲಿ ನನ್ನ ಕಾನ್ವೆಂಟಿನ ಸಹಪಾಠಿಯೊಬ್ಬಳು ಸಿಕ್ಕಳು, ಎಷ್ಟೋ ವರ್ಷದ ಮೇಲೆ. ಇಂಗ್ಲಿಷಿನಲ್ಲೇ ಮಾತು. ಮಗಳು ಏನು ಓದುತ್ತಿದ್ದಾಳೆ ಅಂತ ಕೇಳಿದಳು.

"ಬಿ.ಎಸ್ಸಿ." ಅಂದೆ. ಆಮೇಲೆ "ಬಿ.ಎಡ್." ಅಂದೆ. ಮೊದಲನೆಯದನ್ನು ಹೇಳಿದ ದನಿಯಲ್ಲಿ ಎರಡನೆಯದನ್ನು ಹೇಳಲಿಲ್ಲ. ಬೇಕೆಂದು ಅಲ್ಲ. ಗಂಟಲಿಗೆ ತಾನಾಗಿಯೇ ಗೊತ್ತಿತ್ತು, ಎಲ್ಲಿ ತಗ್ಗಬೇಕು ಅಂತ.

ಮಗಳು ನನ್ನ ಮೊಣಕೈ ಹಿಡಿದಳು. ಮೆಲ್ಲಗೆ, ಪಾಠ ಮರೆತ ಹುಡುಗಿಗೆ ಹೇಳಿಕೊಡುವ ಹಾಗೆ, ಅಂದಳು:

"ಅಮ್ಮ, ಆಂಟಿಗೆ ಸರಿಯಾಗಿ ಕೇಳಿಸ್ಲಿಲ್ಲ. ಇನ್ನೊಂದ್ಸಲ ಹೇಳು."

ಮುಖವೆಲ್ಲ ಬಿಸಿಯಾಯಿತು. ಹೇಳಿದೆ.